ಹಂಗೇರಿಯ ನಾಣ್ಯಗಳಿಗೆ ಯಾವ ಕ್ಯಾಟಲಾಗ್ ಕೊಳ್ಳುವುದು?

ಬೆಳ್ಳಿಬಿಲ್ಲೆ:
ನನ್ನ ಬಳಿ ಇರುವುದು ಹೆಚ್ಚಾಗಿ ಕೊರೊನಾ, ಪೆಂಗೊ ಮತ್ತು ಮೊದಲ ಫೋರಿಂಟ್‌ಗಳು, ಜೊತೆಗೆ ಏಳೆಂಟು ಹಳೆಯ ಬೆಳ್ಳಿ ದೆನಾರ್. ಹರಾಜಿನ ಪಟ್ಟಿಗಳಲ್ಲಿ ಒಂದೇ ನಾಣ್ಯಕ್ಕೆ ಹುಸಾರ್, ಉಂಗರ್, ಸಿಎನ್‌ಎಚ್ ಎಂಬ ಮೂರು ಕ್ಯಾಟಲಾಗ್‌ಗಳ ಸಂಖ್ಯೆ ಕೊಟ್ಟಿರುತ್ತಾರೆ. ಮೂರನ್ನೂ ಕೊಳ್ಳಬೇಕೇ? ಹಂಗೇರಿಯನ್ ಓದಲು ಬರುವುದಿಲ್ಲ.

ಟಂಕಸಾಲೆ:
ಬೇಡ. ಮೊದಲು ಹುಸಾರ್ ಒಂದನ್ನೇ ತೆಗೆದುಕೊಳ್ಳಿ. ಹುಸಾರ್ ಲಾಯೋಶ್ ಅವರ ಆ ಪುಸ್ತಕ 1979ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದಿದ್ದು, 1000ನೇ ಇಸವಿಯಿಂದ ಹಿಡಿದು ತನ್ನ ಕಾಲದವರೆಗಿನ ನಾಣ್ಯಗಳನ್ನು ಒಂದೇ ಸಂಪುಟದಲ್ಲಿ ಕೊಡುತ್ತದೆ. ಮಾರುವವರೆಲ್ಲ ಮೊದಲು ಬರೆಯುವುದು ಈ ಸಂಖ್ಯೆಯನ್ನೇ. ಉದಾಹರಣೆಗೆ, 3ನೇ ಬೇಲಾನ ಇಬ್ಬರು ರಾಜರಿರುವ ತಾಮ್ರದ ನಾಣ್ಯ ಹುಸಾರ್‌ನಲ್ಲಿ 72, ಉಂಗರ್‌ನಲ್ಲಿ 114, ಸಿಎನ್‌ಎಚ್‌ನಲ್ಲಿ 98. ಬೆಲೆಗೆ ಮಾತ್ರ ಆ ಪುಸ್ತಕವನ್ನು ನಂಬಬೇಡಿ, ಇತ್ತೀಚಿನ ಹರಾಜಿನ ಫಲಿತಾಂಶ ನೋಡಿ.

ಜರ್ಮನ್ ಪುಸ್ತಕದಲ್ಲಿ ರಾಜರ ಹೆಸರುಗಳು ಬದಲಾಗುತ್ತವೆ. ಇಶ್ತ್ವಾನ್ ಅಲ್ಲಿ ಸ್ಟೆಫಾನ್, ಲಾಯೋಶ್ ಲುಡ್ವಿಗ್, ಆಂದ್ರಾಶ್ ಆಂಡ್ರೆಯಾಸ್. ಎಲ್ಲರೂ ಎಡವುವುದು ಲಾಸ್ಲೋ ಮತ್ತು ಉಲಾಸ್ಲೋ ಎಂಬಲ್ಲಿ. ಮೊದಲನೆಯದು ಲಾಡಿಸ್ಲಾಸ್, ಎರಡನೆಯದು ವ್ಲಾಡಿಸ್ಲಾಸ್, ಇಬ್ಬರೂ ಬೇರೆ ಬೇರೆ ರಾಜರು. ಈ ಐದು ಹೆಸರುಗಳ ಪಟ್ಟಿಯನ್ನು ಪುಸ್ತಕದ ಮೊದಲ ಪುಟದಲ್ಲೇ ಅಂಟಿಸಿಡಿ.

ಹಳೇದೆನಾರ್:
ದೆನಾರ್‌ಗಳ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಮಾತ್ಯಾಶ್ ರಾಜನ ದೆನಾರಿನಲ್ಲಿ ಮಗುವನ್ನು ಹಿಡಿದ ಮೇರಿಯ ಎಡಬಲಗಳಲ್ಲಿ ಪುಟ್ಟ ಗುರುತುಗಳಿರುತ್ತವೆ, ಒಂದು ಅಕ್ಷರವೋ ಒಂದು ಗುರಾಣಿಯೋ. ಟಂಕಸಾಲೆ ಯಾವುದು, ಅದನ್ನು ನಡೆಸುತ್ತಿದ್ದ ಅಧಿಕಾರಿ ಯಾರು ಎಂಬುದು ಅದರಿಂದಲೇ ಗೊತ್ತಾಗುವುದು. ಅಲ್ಲಿಗೆ ಹುಸಾರ್ ಸಾಲದು, ಏಕೆಂದರೆ ಅದು ಮುಖ್ಯವಾಗಿ ಮಾದರಿಯನ್ನು ಗುರುತಿಸುತ್ತದೆ. ಉಂಗರ್ ಮುಖ್ಯ ಸಂಖ್ಯೆಯ ಮುಂದೆ ಅಕ್ಷರ ಸೇರಿಸಿ ಈ ಗುರುತುಗಳನ್ನು ಬಿಡಿಸಿ ಕೊಡುತ್ತದೆ. ಇನ್ನೂ ಆಳಕ್ಕೆ ಹೋಗಬೇಕಾದರೆ 1300ರಿಂದ 1540ರವರೆಗಿನ ಗುರುತುಗಳ ಬಗ್ಗೆ ಆರ್ಟುರ್ ಪೋಲ್ ಬರೆದ ಪುಸ್ತಕವಿದೆ. ರೇತಿ ಲಾಸ್ಲೋ ಅವರ ಸಿಎನ್‌ಎಚ್ (1899 ಮತ್ತು 1907ರ ಎರಡು ಸಂಪುಟ) ತುಂಬ ಹಳೆಯದು, ಅದು 1526ಕ್ಕೆ ನಿಲ್ಲುತ್ತದೆ. ಅದರ ಸಂಖ್ಯೆ ಗೊತ್ತಿದ್ದರೆ ಸಾಕು, ಪುಸ್ತಕವೇ ಬೇಕೆಂದಿಲ್ಲ.

ಸವೆದ ದೆನಾರನ್ನು ಚಿತ್ರ ನೋಡಿಯೇ ತೀರ್ಮಾನಿಸಬೇಡಿ. 0.01 ಗ್ರಾಂ ತೋರಿಸುವ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ, ಪಕ್ಕದಿಂದ ಬೀಳುವ ಬೆಳಕು, ಇವು ಮೂರೂ ಬೇಕು. ಬೆಳಕನ್ನು ಓರೆಯಾಗಿ ಬಿಟ್ಟರೆ ಮಾಸಿದ ಅಕ್ಷರದ ನೆರಳು ಎದ್ದು ಕಾಣುತ್ತದೆ.

ಟ್ರಾನ್ಸಿಲ್ವೇನಿಯಾದ ರಾಜಕುಮಾರರ ನಾಣ್ಯಗಳನ್ನು ಮಾತ್ರ ಇವುಗಳಲ್ಲಿ ಹುಡುಕಬೇಡಿ. ಅವಕ್ಕೆ 1901ರ ಆಡಾಲ್ಫ್ ರೆಶ್ ಪುಸ್ತಕ ಬೇರೆಯೇ ಇದೆ.

ಬೆಳ್ಳಿಬಿಲ್ಲೆ:
ತುಂಬಾ ಧನ್ಯವಾದ. ಕೊರೊನಾ ಕಾಲಕ್ಕೆ ಕ್ರೌಸ್‌ನ ವಿಶ್ವ ನಾಣ್ಯ ಕ್ಯಾಟಲಾಗಿನ 20ನೇ ಶತಮಾನದ ಸಂಪುಟ ಸಾಕಲ್ಲವೇ?

ಫಿಲ್ಲೇರ್‌ಪ್ರಿಯ:
ಸಾಕಾಗುವುದಿಲ್ಲ. ಕೊರೊನಾ ಶುರುವಾಗಿದ್ದು 1892ರಲ್ಲಿ, ಆ ಸಂಪುಟ ಹಿಡಿಯುವುದು 1901ರಿಂದ. ಮೊದಲ ವರ್ಷಗಳಿಗೆ 19ನೇ ಶತಮಾನದ ಸಂಪುಟವನ್ನೂ ಕೊಳ್ಳಬೇಕಾಗುತ್ತದೆ. ಆ ಹಣಕ್ಕೆ ಲೆಯಾನ್ಯ್‌ಫಲುಶಿ ಮತ್ತು ನಾದ್ಯ್ ಅವರ ಹಂಗೇರಿಯನ್ ಪುಸ್ತಕಗಳೇ ಮೇಲು: ಒಂದು 1892ರಿಂದ 1925ರ ಕೊರೊನಾಕ್ಕೆ, ಇನ್ನೊಂದು ಪೆಂಗೊಗೆ, ಮತ್ತೊಂದು 1946ರ ನಂತರದ ಫೋರಿಂಟ್‌ಗೆ. ಕೊಳ್ಳುವಾಗ ಹೊಸ ಆವೃತ್ತಿಯನ್ನೇ ಕೇಳಿ.

ಭಾಷೆಯ ಭಯ ಬೇಡ, ಎಂಟು ಪದ ಸಾಕು: ಅರನ್ಯ್ ಚಿನ್ನ, ಎಜ಼್ಯುಶ್ತ್ ಬೆಳ್ಳಿ, ರೇಜ಼್ ತಾಮ್ರ, ಶೂಯ್ ತೂಕ, ಆತ್‌ಮೇರೋ ವ್ಯಾಸ, ವೆರ್ದೆಯೆದ್ಯ್ ಟಂಕಸಾಲೆ ಗುರುತು, ರಿತ್ಕಾ ಅಪರೂಪ, ಉತಾನ್‌ವೆರೆತ್ ಮರುಟಂಕ (ಹಳೆಯ ಇಸವಿಯನ್ನೇ ಹಾಕಿ ನಂತರ ಮತ್ತೆ ಅಚ್ಚು ಹಾಕಿದ ನಾಣ್ಯ).

ಕೊನೆಯ ಪದವನ್ನು ಮರೆಯಲೇಬೇಡಿ. ಪಟ್ಟಾಭಿಷೇಕದ 40ನೇ ವರ್ಷದ ನೆನಪಿಗೆ ಬಂದ 1907ರ 5 ಕೊರೊನಾದ ಮರುಟಂಕದಲ್ಲಿ ಯುಪಿ ಎಂಬ ಅಕ್ಷರಗಳಿರುತ್ತವೆ. ಚಿತ್ರದಲ್ಲಿ ಅವು ಕಾಣದಿದ್ದರೆ ಮಾರುವವರಿಂದ ಹತ್ತಿರದ ಫೋಟೋ ತರಿಸಿಕೊಳ್ಳಿ. 1908ರ 100 ಕೊರೊನಾ ಚಿನ್ನದ ಮರುಟಂಕದಲ್ಲಿ ಅಂಥ ಗುರುತೂ ಇಲ್ಲ, ಹಾಗಾಗಿ ಅದಕ್ಕೆ ಚಿನ್ನದ ಬೆಲೆಗಿಂತ ಹೆಚ್ಚು ಕೊಡುವ ಮುನ್ನ ನಿಲ್ಲಿ.

ಫೋರಿಂಟ್‌ನಲ್ಲಿ ತಕ್ಕಡಿಯೇ ಕೈಹಿಡಿಯುತ್ತದೆ. ಕೊಶ್ಶೂತ್ ಚಿತ್ರದ 5 ಫೋರಿಂಟ್ 1946ರಲ್ಲಿ 20 ಗ್ರಾಂ, ಬೆಳ್ಳಿ ಸಾವಿರಕ್ಕೆ 835. 1947ರದ್ದು 12 ಗ್ರಾಂ, ಬೆಳ್ಳಿ ಸಾವಿರಕ್ಕೆ 500. ಕ್ಯಾಟಲಾಗ್‌ನಲ್ಲಿ ಇವೆರಡೂ ಬೇರೆ ಬೇರೆ ನಮೂದು, ಬೆಲೆಯೂ ಬೇರೆ.

ಟಂಕಸಾಲೆ:
ಒಂದು ಬಿಟ್ಟುಹೋಗಿತ್ತು. ಹಂಗೇರಿಯ ಪಟ್ಟಿಗಳಲ್ಲಿ "ಟಿ" ಅಕ್ಷರದ ಮುಂದಿರುವ ಅಂಕೆ ನಾಣ್ಯದ ಸ್ಥಿತಿಯನ್ನು ಹೇಳುತ್ತದೆ. 1 ಎಂದರೆ ಬಳಕೆಯಾಗದ ಹೊಸ ನಾಣ್ಯ, ಅಂಕೆ ಏರಿದಂತೆ ಸವೆತ ಹೆಚ್ಚು. ಅಂಕೆ ಏರಿದಷ್ಟೂ ಒಳ್ಳೆಯದೆನ್ನುವ, 70ರವರೆಗಿನ ಅಮೆರಿಕನ್ ಮಾಪಕದ ರೂಢಿಯಿದ್ದವರು ಇದನ್ನು ತಿರುಗುಮುರುಗಾಗಿ ಓದಿ, 3 ಎಂದಿರುವುದನ್ನು 1ಕ್ಕಿಂತ ಒಳ್ಳೆಯದೆಂದು ಕೊಂಡುಬಿಡುತ್ತಾರೆ.