ಪದಚರ್ಚೆ: ‘ಮೂರ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ನಮಸ್ಕಾರ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನಿಡರ್‌ಡೇಲ್ ವೇ ಅಂತ ಒಂದು ಕಾಲುದಾರಿ ಇದೆ. ಪೇಟ್ಲಿ ಬ್ರಿಜ್ ಎಂಬ ಊರಿಂದ ಹೊರಟು, ನಿಡ್ ಹೊಳೆಯ ಕಣಿವೆ, ಸ್ಕಾರ್ ಹೌಸ್ ಅಣೆಕಟ್ಟು ಎಲ್ಲ ಸುತ್ತಿ ಮತ್ತೆ ಅದೇ ಊರಿಗೆ ಬಂದು ಸೇರುತ್ತದೆ, ಸುಮಾರು 85 ಕಿ.ಮೀ. ಅದನ್ನು ನಡೆದವರ ಬರಹವೊಂದನ್ನು ಅನುವಾದ ಮಾಡುತ್ತಿದ್ದೇನೆ. ಎರಡು ಕಡೆ ಸಿಕ್ಕಿಬಿದ್ದೆ.

‘ಸುತ್ತುದಾರಿ’ ಅಂತ ಬರೆದೆ. ಕರಡು ನೋಡಿದವರು “ಯಾಕೆ, ನೇರ ದಾರಿ ಇರಲಿಲ್ವಾ?” ಅಂದರು.

ಇನ್ನೊಂದು ‘ಮೂರ್’. ಎತ್ತರದ ಬಯಲು, ಮರ ಇಲ್ಲ. ಮೊಣಕಾಲುದ್ದದ ಹೆದರ್ ಗಿಡ, ಆಗಸ್ಟಿನಲ್ಲಿ ಎಲ್ಲ ನೇರಳೆ. ಕಾಲಿಟ್ಟರೆ ಕಪ್ಪು ಮಣ್ಣು ನೆನೆದ ಹಾಸಿಗೆಯ ಹಾಗೆ ಕುಸಿದು ಶೂ ಒಳಗೆ ನೀರು. ‘ಜೌಗು’ ಅಂದರೆ ತಗ್ಗಿನ ಕೆಸರು ಅನಿಸುತ್ತದೆ, ‘ಪಾಳುಭೂಮಿ’ ಅಂದರೆ ಉಳದೆ ಬಿಟ್ಟ ಹೊಲ.

———

ಬೇಣ ಅನ್ನಿ, ಅಂದರೆ ಹುಲ್ಲಿಗೆ ಅಂತ ಬಿಟ್ಟುಕೊಂಡ ಬಯಲು. ನಮ್ಮ ಶಿರಸಿ ಕಡೆ ಅಡಿಕೆ ತೋಟ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಕೊಡಗಿನ ‘ಬಾಣೆ’ಯೂ ಇದರದ್ದೇ ಬೇರು. ಇಷ್ಟು ಒಳ್ಳೆ ಕನ್ನಡದ ಮಾತು ಇರುವಾಗ ಹೊರಗಿನದ್ದು ಯಾಕೆ?

———

> ಇದರದ್ದೇ ಬೇರು

ಇಲ್ಲ. ಕಿವಿಗೆ ಹತ್ತಿರ ಕೇಳಿದ್ದೆಲ್ಲ ಒಂದೇ ಬೇರಲ್ಲ. ಬಾಣೆ ಅಂದರೆ ಗದ್ದೆಗೆ ಸೇರಿದ ಜಮೀನು, ಮರ ಇರುತ್ತದೆ, ಈಗ ಎಷ್ಟೋ ಕಡೆ ಕಾಫಿ. ನಿಮ್ಮ ಬೇಣದಲ್ಲಿ ಹುಲ್ಲು, ಅಲ್ಲಿ ಹೆದರ್. ‘ಮೂರ್’ ಅಂತಲೇ ಇಡಿ.

———

‘ಮೂರ್ ದಾಟಿದೆವು’ ಅಂತ ಓದಿದವರು ಮೂರು ಏನು ದಾಟಿದಿರಿ ಅಂತ ಕೇಳುತ್ತಾರೆ ಸಾರ್! ‘ಹೆದರ್ ಬಯಲು’ ಅಂದರೆ ಇನ್ನೂ ಚೆಂದ, ಜನ ಹೆದರಿಕೊಂಡೇ ನಡೆಯಬೇಕು.

ಇನ್ನು ಹುಲ್ಲು, ಹೆದರ್ ಅಂತ ಕೂದಲು ಸೀಳುವುದು ಬಿಡಿ. ಅಲ್ಲಿ ಗ್ರೌಸ್ ಹಕ್ಕಿಯ ಬೇಟೆಗೆ ಅಂತ ಹೆದರನ್ನು ತುಂಡು ತುಂಡಾಗಿ ಸುಟ್ಟು ಹೊಸ ಚಿಗುರು ಬರಿಸುತ್ತಾರೆ. ಜನ ತಮ್ಮ ಕೆಲಸಕ್ಕೆ ಇಟ್ಟುಕೊಂಡ ಬಯಲು ಅದು. ಬೇಣವೂ ಹಾಗೇ ಅಲ್ವಾ?

ದಾರಿಗೆ ‘ಪ್ರದಕ್ಷಿಣೆ’ ಹಾಕಿ.

———

ಪ್ರದಕ್ಷಿಣೆ ಬಲಗಡೆಯಿಂದಲೇ ಆಗಬೇಕು. ಈ ದಾರಿಯನ್ನು ಯಾವ ಕಡೆಯಿಂದಲೂ ನಡೆಯಬಹುದು. ದೇವರೂ ಇಲ್ಲ.

ಅಂದಹಾಗೆ ಬೇಣದವರೇ, ಹೊರಗಿನದ್ದು ಬೇಡ ಅನ್ನುವವರು ಹೋದ ವಾರ ‘ರಸ್ತೆ ಬದಿ ಜಮೀನು’ ಅಂತ ಬರೆದಿದ್ದಿರಿ. ಎರಡೂ ಪಾರ್ಸಿ.

———

ರಸ್ತೆ, ಜಮೀನು ಹಳ್ಳಿಯವರ ಬಾಯಲ್ಲಿ ಪಳಗಿದ ಮಾತು. ನಿನ್ನೆ ಬಂದಿಳಿದ ‘ಮೂರ್’ ಜೊತೆ ಅದನ್ನು ಕೂರಿಸಬೇಡಿ.

———

ಕೇಳಿದವಳು ನಾನೇ. ದಾರಿಗೆ ‘ಸುತ್ತುನಡಿಗೆ’ ಅಂತ ಮಾಡಿದೆ. ಮೂರ್ ಮೊದಲ ಸಲ ಬಂದಲ್ಲಿ ಗಿಡ, ಮಣ್ಣು ಎರಡನ್ನೂ ಒಂದು ಸಾಲಿನಲ್ಲಿ ಹೇಳಿ, ಆಮೇಲೆಲ್ಲ ‘ಮೇಲುಬಯಲು’ ಅಂತ ಬರೆದು ಕಳಿಸಿಬಿಟ್ಟೆ. ಬೇಣ ಹಾಕುವ ಆಸೆ ಇತ್ತು, ಆದರೆ ಮೈಸೂರಿನ ಓದುಗರಿಗೆ ಅದಕ್ಕೂ ಒಂದು ಸಾಲು ವಿವರ ಬೇಕಾಗುತ್ತಿತ್ತು.