ಹೊಣೆಗಾರಿಕೆ, ಜವಾಬ್ದಾರಿ, ಉತ್ತರದಾಯಿತ್ವ: ಯಾವುದನ್ನು ಇಡಲಿ?

ಬಲ್ಲವರಿಗೆ ನಮಸ್ಕಾರ.

ದಾವಣಗೆರೆಯ ಪತ್ತಿನ ಸಹಕಾರ ಸಂಘವೊಂದು ಸಾಲದ ಅರ್ಜಿಗಳ ಪರಿಶೀಲನೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ತರುವ ಮುನ್ನ ನಿಯಮಾವಳಿ ಬರೆಸುತ್ತಿದೆ. ಅದರ ಕನ್ನಡ ಕರಡು ನನ್ನ ಕೈಯಲ್ಲಿದೆ. ‘ಅಕೌಂಟಬಿಲಿಟಿ’ಗೆ, ಅಂದರೆ ಮಾಡಿದ ತೀರ್ಮಾನಕ್ಕೆ ಉತ್ತರ ಹೇಳಬೇಕಾದ ಬಾಧ್ಯತೆಗೆ, ಪದ ಬೇಕು.

ಪತ್ರಿಕೆಗಳು ‘ಹೊಣೆಗಾರಿಕೆ’ ಎನ್ನುತ್ತವೆ. ಆದರೆ ಸಂಘದ ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ‘ಆಸ್ತಿ ಮತ್ತು ಹೊಣೆಗಾರಿಕೆ’ ಎಂದರೆ ಸಂಘ ತೀರಿಸಬೇಕಾದ ಹಣ. ಸಾಲದ ಮಾತಿನಲ್ಲಿ ‘ಹೊಣೆ’ ಎಂದೊಡನೆ ಸದಸ್ಯರಿಗೆ ಜಾಮೀನು ನೆನಪಾಗುತ್ತದೆ. ಈ ಮನೆಯಲ್ಲಿ ಆ ಪದಕ್ಕೆ ಆಗಲೇ ಬೇರೆ ಕೆಲಸವಿದೆ.

ಪಾರಸಿಯಿಂದ ಬಂದ ‘ಜವಾಬ್ದಾರಿ’ಯ ಒಳಗೆ ಜವಾಬು, ಅಂದರೆ ಉತ್ತರ, ಇದ್ದೇ ಇದೆ. ಬಳಕೆಯಲ್ಲಿ ಮಾತ್ರ ಅದು ವಹಿಸಿಕೊಟ್ಟ ಕೆಲಸವಾಗಿದೆ. ಮೇಲಿನವರು ಕೆಳಗಿನವರಿಗೆ ಸಲೀಸಾಗಿ ದಾಟಿಸಬಹುದು. ನನ್ನ ಅಂಜಿಕೆ ಇದೇ. ಜಗಳೂರಿನ ಮೆಕ್ಕೆಜೋಳದ ಬೆಳೆಗಾರರ ಅರ್ಜಿ ತಿರಸ್ಕೃತವಾದಾಗ ಗುಮಾಸ್ತರು ‘ಕಂಪ್ಯೂಟರ್ ಒಪ್ಪಲಿಲ್ಲ’ ಎಂದು ಕೈಚೆಲ್ಲಿದರೆ, ಆ ರೈತರು ಯಾರನ್ನು ಕೇಳಬೇಕು? ರಿಸರ್ವ್ ಬ್ಯಾಂಕಿನ ಸಮಿತಿ 2025ರ ಆಗಸ್ಟ್ ವರದಿಯಲ್ಲಿ ಮುಂದಿಟ್ಟ ಏಳು ಸೂತ್ರಗಳಲ್ಲಿ ಇದೂ ಒಂದು: ತಂತ್ರಾಂಶವನ್ನು ಬಳಕೆಗೆ ತಂದ ಸಂಸ್ಥೆಯೇ ಅದರ ತೀರ್ಮಾನಕ್ಕೆ ಉತ್ತರ ಹೇಳಬೇಕು. ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕೆಂದೂ ಆ ವರದಿ ಹೇಳುತ್ತದೆ. ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಅಧೀನದಲ್ಲಿಲ್ಲ; ಕರಡಿನವರು ಅದನ್ನು ಮಾದರಿಯಾಗಿ ತೆಗೆದುಕೊಂಡಿದ್ದಾರೆ, ಒಳ್ಳೆಯದನ್ನೇ ಮಾಡಿದ್ದಾರೆ.

‘ಉತ್ತರದಾಯಿತ್ವ’ದ ಅರ್ಥ ಖಚಿತ. ಆದರೆ ಸೂಚನಾ ಫಲಕದ ಮುಂದೆ ನಿಂತವರಿಗೆ ಅದು ಕಚೇರಿಯ ಭಾಷೆ. ನಾಮಪದವನ್ನೇ ಬಿಟ್ಟು ‘ಯಂತ್ರದ ಸಲಹೆಯಂತೆ ಅರ್ಜಿ ತಿರಸ್ಕರಿಸಿದರೂ ಸದಸ್ಯರಿಗೆ ಕಾರಣ ಹೇಳಬೇಕಾದದ್ದು ಆಡಳಿತ ಮಂಡಳಿಯೇ’ ಎಂದು ಬರೆಯುವುದು ನನಗೆ ಹೆಚ್ಚು ಇಷ್ಟ. ಶೀರ್ಷಿಕೆಗಾದರೂ ಒಂದು ಪದ ಬೇಕಲ್ಲ, ತೊಡಕು ಅಲ್ಲಿದೆ.

ಜೊತೆಗೆ ಇನ್ನೊಂದು. ಯಂತ್ರದ ಮೇಲೆ ಮನುಷ್ಯರ ಕಣ್ಣು ಎಂಬುದಕ್ಕೆ ಕರಡಿನಲ್ಲಿ ‘ನಿಗಾ’ ಎಂದಿತ್ತು. ನಿಗಾ ಇಟ್ಟವರು ನೋಡಬಲ್ಲರು, ತಡೆಯಬಲ್ಲರೇ? ಯುರೋಪಿನ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯ್ದೆ ಇಂಥವರಿಗೆ ಸಾಮರ್ಥ್ಯ, ತರಬೇತಿಗಳ ಜೊತೆಗೆ ಅಧಿಕಾರವೂ ಇರಬೇಕೆನ್ನುತ್ತದೆ. ಜಿಲ್ಲಾ ಉಸ್ತುವಾರಿ ಸಚಿವರ ದೆಸೆಯಿಂದ ಎಲ್ಲರಿಗೂ ಗೊತ್ತಿರುವ ‘ಉಸ್ತುವಾರಿ’ಯಲ್ಲಿ ಆ ಅಧಿಕಾರದ ಧ್ವನಿ ಇದೆ ಎಂದು ಅದನ್ನು ಹಾಕಿದ್ದೇನೆ. ‘ಮೇಲ್ವಿಚಾರಣೆ’ ಮೇಲು ಎನ್ನುವವರು ದಯವಿಟ್ಟು ಕಾರಣದೊಂದಿಗೆ ತಿಳಿಸಿ. ಶೀರ್ಷಿಕೆಗೆ ‘ಉತ್ತರ ಹೇಳುವ ಹೊಣೆ’ ಎಂದರೆ ಜಾಮೀನಿನ ಅರ್ಥ ದೂರವಾಗುತ್ತದೆಯೇ?