ದಾವಣಗೆರೆಯಿಂದ ಸ್ಯಾನ್ ಫ್ರಾನ್ಸಿಸ್ಕೊ: ಅಪ್ಪ-ಅಮ್ಮನನ್ನು ಯಾವ ವಿಮಾನಕ್ಕೆ ಹತ್ತಿಸಲಿ?

ತಂದೆಗೆ 71 ವರ್ಷ, ತಾಯಿಗೆ 66, ತಾಯಿಗೆ ಮಂಡಿನೋವೂ ಇದೆ. ತಮ್ಮನ ಮನೆಗೆ ಇಬ್ಬರೇ ಹೊರಟಿದ್ದಾರೆ. ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಅದು ಒಳ್ಳೆಯದೋ, ನಡುವೆ ಇಳಿದು ಹತ್ತುವುದೋ? ಹೋಗಿಬಂದವರು ದಯವಿಟ್ಟು ತಿಳಿಸಿ.
– ಪಿ.ಜೆ. ಬಡಾವಣೆ

ಇಬ್ಬರ ಟಿಕೆಟಿನಲ್ಲಿ 38,000 ರೂಪಾಯಿ ಉಳಿಯುತ್ತದೆಂದು ನಾನು ದುಬೈ ದಾರಿ ಹಿಡಿದೆ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ನಾಲ್ಕು ಗಂಟೆ. ಅಲ್ಲಿಂದ ಮುಂದೆ 13,000 ಕಿ.ಮೀ., ಹತ್ತಿರ ಹತ್ತಿರ ಹದಿನಾರು ಗಂಟೆ. ಅಂದರೆ ಇಳಿದು ಹತ್ತಿದ ಕಷ್ಟವೂ ನಮಗೇ, ದೀರ್ಘಕಾಲ ಕೂರುವ ಕಷ್ಟವೂ ನಮಗೇ. ಗಾಲಿಕುರ್ಚಿ ಬರೆಸಿದ್ದರೂ ಐವತ್ತು ನಿಮಿಷ ಯಾರೂ ಬರಲಿಲ್ಲ. ಇಳಿಯುವ ಹೊತ್ತಿಗೆ ನನ್ನ ಹೆಂಡತಿಯ ಪಾದ ಊದಿ ಚಪ್ಪಲಿಯ ಪಟ್ಟಿ ಹಾಕಲಾಗದೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ವಲಸೆ ತಪಾಸಣೆಯ ಸಾಲಿನಲ್ಲಿ ನಿಂತಳು. ಉಳಿಸಿದ ಹಣದ ನೆನಪು ಬಂದಾಗಲೆಲ್ಲ ಆ ಪಾದಗಳೇ ಕಣ್ಣಮುಂದೆ ಬರುತ್ತವೆ.
– ಹೊಳಲ್ಕೆರೆ, ನಿವೃತ್ತ ಶಿಕ್ಷಕ

ನೇರ ವಿಮಾನವೇ ಸರಿಯೆಂದು ನಾನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇನೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಮೊದಲ ನೇರ ವಿಮಾನ ತಂದಾಗ ಅದು ಕ್ರಮಿಸಿದ್ದು ಸುಮಾರು 14,000 ಕಿ.ಮೀ., ಹಿಡಿದದ್ದು ಸುಮಾರು ಹದಿನೇಳು ಗಂಟೆ. ನನ್ನ ತಾಯಿಯನ್ನು ನೇರ ವಿಮಾನದಲ್ಲೇ ಕಳಿಸಿದೆ. ಹೆಚ್ಚು ತೆತ್ತ ಒಂದು ರೂಪಾಯಿಗೂ ನನಗೆ ಬೇಸರವಿಲ್ಲ.
– ವಿದ್ಯಾನಗರ

ಹದಿನೇಳು ಗಂಟೆ ಕಾಲು ಮಡಚಿ ಕೂತವರು ನಿಮ್ಮ ತಾಯಿ, ನೀವಲ್ಲ. ನಾವು ಫ್ರಾಂಕ್‌ಫರ್ಟ್ ಮೂಲಕ ಹೋದೆವು. ನೇರ ದಾರಿಗಿಂತ ಒಟ್ಟು ದೂರ ಎರಡು ಸಾವಿರ ಕಿ.ಮೀ.ಗೂ ಮಿಕ್ಕಿ ಹೆಚ್ಚಾದರೂ ಪಯಣ ಹೆಚ್ಚುಕಡಿಮೆ ಸಮನಾಗಿ ಎರಡು ಪಾಲಾಗುತ್ತದೆ. ನಡುವೆ ಮೂರು ಗಂಟೆ ಅಡ್ಡಾಡಿ, ಬುತ್ತಿಯ ರೊಟ್ಟಿ ಬಿಚ್ಚಿ ಉಂಡು, ಮತ್ತೆ ಹತ್ತಿದೆವು. ಇನ್ನೊಂದು ಮಾತು: ಮನೆಯಿಂದ ದೇವನಹಳ್ಳಿಯವರೆಗಿನ ಐದಾರು ಗಂಟೆಯನ್ನು ಇಲ್ಲಿ ಯಾರೂ ಎಣಿಸುತ್ತಿಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗದೆ ಬೆಂಗಳೂರಿನೊಳಗೆ ನುಗ್ಗಿದ ನಮ್ಮ ಚಾಲಕ ಎರಡು ಗಂಟೆ ಕಳೆದ, ಬಾಡಿಗೆ 9,200 ತೆಗೆದುಕೊಂಡ.
– ಚಿತ್ರದುರ್ಗ

ನನ್ನ ತಾಯಿ ಹೇಗೆ ಕೂತರೆಂದು ನಿಮಗೇನು ಗೊತ್ತು? ಓಡಾಡುವ ದಾರಿಯ ಪಕ್ಕದ ಆಸನಕ್ಕೆ ಬೇರೆ ಹಣ ಕಟ್ಟಿದ್ದೆ. ಗಂಟೆಗೊಮ್ಮೆ ಎದ್ದು ನಡೆದಿದ್ದಾರೆ. ಫ್ರಾಂಕ್‌ಫರ್ಟ್‌ನಲ್ಲಿ ಇಂಗ್ಲಿಷ್ ಬಾರದ ಹಿರಿಯರಿಬ್ಬರು ದ್ವಾರ ಹುಡುಕುವುದು ಹೇಗೆ, ಅದನ್ನು ಹೇಳಿ.
– ವಿದ್ಯಾನಗರ

ಜಗಳ ಬಿಟ್ಟು ಟಿಕೆಟ್ಟಿನ ಹೊತ್ತನ್ನು ಸರಿಯಾಗಿ ಓದಿ. ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುವುದೆಂದು ಕಂಡು ನಮ್ಮ ಭಾವ ನಾಲ್ಕೇ ಗಂಟೆಯೆಂದು ನಂಬಿ, ಅಕ್ಕನ ಮಾತ್ರೆಗಳನ್ನೆಲ್ಲ ದೊಡ್ಡ ಪೆಟ್ಟಿಗೆಗೆ ಹಾಕಿ ಕಳಿಸಿಬಿಟ್ಟರು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಸಕ್ಕರೆ ಕಾಯಿಲೆಯ ಅಕ್ಕ ಇಡೀ ಪಯಣ ಮಾತ್ರೆಯಿಲ್ಲದೆ ಕಳೆದಳು.
– ಹರಿಹರ

ಮಾತ್ರೆಯ ವಿಷಯ ನಿಜ, ಕೈಚೀಲದಲ್ಲೇ ಇರಲಿ. ಆದರೆ ದುಬೈ ದಾರಿ ಮಾತ್ರ ಬೇಡ.
– ಹೊಳಲ್ಕೆರೆ, ನಿವೃತ್ತ ಶಿಕ್ಷಕ